ಊರು ಬಿಟ್ಟವರ ಋಣ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆ ಮಗನೋ ಮಗಳೋ ಪರದೇಶದಲ್ಲಿ ನೆಲೆಸಿದ ಮನೆಯ ಮಾತು ಬಂದರೆ ಮೊದಲು ಸಂಬಳದ ಲೆಕ್ಕ, ಕಟ್ಟಿಸಿದ ಮನೆಯ ಲೆಕ್ಕ. ಅದು ಮುಗಿದ ಮೇಲೆ ದನಿ ತಗ್ಗಿಸಿ ಒಂದು ತೀರ್ಪು: ಏನು ಗಳಿಸಿದರೇನು, ಹುಟ್ಟಿದ ಮಣ್ಣಿನ ಋಣ ತೀರಿಸಲಿಲ್ಲ. ಹೋದವರೂ ಈ ತೀರ್ಪನ್ನು ಒಳಗೊಳಗೇ ಒಪ್ಪಿಕೊಂಡಿರುತ್ತಾರೆ. ವೀಸಾ, ಬಾಡಿಗೆ ಮನೆ, ಮಕ್ಕಳ ಶಾಲೆ ಎಂಬ ನಿತ್ಯದ ಗಡಿಬಿಡಿಯ ಅಡಿಯಲ್ಲಿ ಅವರನ್ನು ಕುಟುಕುವ ಮಾತೂ ಇದೇ. ಹೊಟ್ಟೆಕಿಚ್ಚಿನ ಮಾತೆಂದು ಇದನ್ನು ತಳ್ಳಿಹಾಕಬಾರದು. ಇದರೊಳಗೆ ಧರ್ಮದ ಒಂದು ಪ್ರಶ್ನೆಯೇ ಇದೆ. ಋಣ ಅಂಟಿಕೊಂಡಿರುವುದು ಮಣ್ಣಿಗೋ, ಮನುಷ್ಯರಿಗೋ? ಮಣ್ಣಿಗೆ ಎನ್ನುವುದಾದರೆ ವಿಮಾನ ಹತ್ತಿದ ದಿನವೇ ಆತ ತೀರದ ಸಾಲಗಾರ. ಮನುಷ್ಯರಿಗೆ ಎನ್ನುವುದಾದರೆ ಹೋದದ್ದಕ್ಕೆ ವಿಚಾರಣೆಯಿಲ್ಲ, ಹೋದ ಮೇಲೆ ಯಾರನ್ನು ಹೇಗೆ ನೋಡಿಕೊಂಡ ಎಂಬುದಕ್ಕಷ್ಟೇ ಉಂಟು. ನಾನು ಎರಡನೆಯದರ ಪರ. ಹಾಗೆಂದ ಮಾತ್ರಕ್ಕೆ ಹೋದವರು ಪಾರಾದರು ಎಂದುಕೊಳ್ಳಬೇಕಿಲ್ಲ. ಮಣ್ಣಿನ ಋಣವನ್ನು ಒಂದು ಹನಿ ಕಣ್ಣೀರಿನಲ್ಲಿ ತೀರಿಸಿಬಿಡಬಹುದು. ಮನುಷ್ಯರದು ತಿಂಗಳು ತಿಂಗಳೂ ಬಾಕಿ ಕೇಳುತ್ತದೆ.

ಕಡಲು ದಾಟಿದವನು ಪತಿತ ಎಂಬ ಮಾತಿಗೆ ಹಳೆಯ ಆಧಾರ ಬೌಧಾಯನ ಧರ್ಮಸೂತ್ರ. ಜಾತಿಯಿಂದ ಬೀಳಿಸುವ ತಪ್ಪುಗಳನ್ನು ಎಣಿಸುವಾಗ ಅದು ಸಮುದ್ರಯಾನವನ್ನೇ ಮೊದಲು ಹೇಳುತ್ತದೆ. ಪ್ರಾಯಶ್ಚಿತ್ತ ಮೂರು ವರ್ಷ: ನಾಲ್ಕು ಹೊತ್ತಿಗೊಂದು ಊಟ, ಹಗಲೆಲ್ಲ ನಿಂತಿರಬೇಕು, ರಾತ್ರಿ ಕುಳಿತೇ ಕಳೆಯಬೇಕು. ಅದೇ ಗ್ರಂಥ ಇನ್ನೊಂದೆಡೆ ದಕ್ಷಿಣದವರ ಮತ್ತು ಉತ್ತರದವರ ವಿಚಿತ್ರ ಆಚಾರಗಳನ್ನು ಪಟ್ಟಿ ಮಾಡುತ್ತದೆ. ಸೋದರಮಾವನ ಮಗಳನ್ನು ಮದುವೆಯಾಗುವುದು ನಮ್ಮ ಖಾತೆಗೆ, ಕಡಲಿಗೆ ಹೋಗುವುದು ಉತ್ತರದವರ ಖಾತೆಗೆ. ಸೋದರಮಾವನ ಮಗಳು ಇವತ್ತಿಗೂ ನಮ್ಮ ಕಡೆ ಸೊಸೆಯಾಗಿ ಬರುತ್ತಲೇ ಇದ್ದಾಳೆ. ಸೂತ್ರಕಾರರ ಮಾತನ್ನು ಯಾರು ಎಷ್ಟು ಕೇಳಿದರು ಎಂಬುದಕ್ಕೆ ಇಷ್ಟು ಸಾಕು. ಕಡಲಿನ ವಿಷಯದಲ್ಲಂತೂ ಹುನಗುಂದ ತಾಲ್ಲೂಕಿನ ಐಹೊಳೆಯೇ ಸಾಕ್ಷಿ ಹೇಳುತ್ತದೆ. ಈ ಊರಿನ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ತನ್ನ ಪ್ರಶಸ್ತಿಗಳಲ್ಲಿ ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ದೇಶದೇಶ ಸುತ್ತುವುದನ್ನೇ ಹೆಮ್ಮೆಯಿಂದ ಹೇಳಿಕೊಂಡಿದೆ. 11ನೇ ಶತಮಾನದ ಶಿಕಾರಿಪುರದ ಶಾಸನ ಓದಿದರೆ ಕುದುರೆ, ಆನೆ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಯ ವಾಸನೆ ಬರುತ್ತದೆ, ಪಶ್ಚಾತ್ತಾಪದ ವಾಸನೆ ಬರುವುದಿಲ್ಲ. ಹೀಗೆ ತಿರುಗುವ ವರ್ತಕರ ಕಟ್ಟಳೆಯನ್ನೇ ಅವರು ಬಣಂಜು ಧರ್ಮ ಎಂದು ಕರೆದರು.

ಇನ್ನೂ ಮುಖ್ಯವಾದದ್ದು ಸುಮಾತ್ರಾದ ಬಾರುಸ್ ಬಳಿ ಸಿಕ್ಕ 1088ರ ಕಲ್ಲು. ಅದೂ ಐನೂರ್ವರದ್ದೇ, ಭಾಷೆ ಮಾತ್ರ ತಮಿಳು. ಅಲ್ಲಿಗೆ ಬರುವ ಹಡಗಿನ ನಾಯಕನೂ ಅವನ ಜನರೂ ಕಸ್ತೂರಿಯ ಬೆಲೆ ಹಿಡಿದು ಚಿನ್ನದಲ್ಲಿ ಇಷ್ಟು ಕೊಡಬೇಕೆಂದು ಅದು ಕಟ್ಟು ಮಾಡುತ್ತದೆ. ಅದನ್ನು ಕೆತ್ತಿಸಿದವರಲ್ಲಿ ಮಲಪ್ರಭೆಯ ದಂಡೆ ಕಂಡವರು ಒಬ್ಬರಾದರೂ ಇದ್ದರೋ ಇಲ್ಲವೋ. ಹಾಗಿದ್ದೂ ಅವರು ಐನೂರ್ವರೇ. ಅಷ್ಟು ಹೊತ್ತಿಗೆ ಅಯ್ಯಾವೊಳೆ ಎನ್ನುವುದು ಊರಾಗಿದ್ದುದು ಹೆಸರಾಗಿ, ಹೆಸರು ಒಪ್ಪಂದವಾಗಿ, ಪರಸ್ಪರ ಹೊಣೆ ಹೊತ್ತ ಜನರ ಗುರುತಾಗಿಬಿಟ್ಟಿತ್ತು. ಅವರು ವ್ಯಾಪಾರಿಗಳು, ಹೋಗಿ ಬರುವವರು, ಇವತ್ತಿನವರಂತೆ ಪಾಸ್‌ಪೋರ್ಟ್ ಬದಲಿಸಿ ಅಲ್ಲೇ ಉಳಿದವರಲ್ಲ ಎಂದು ಯಾರಾದರೂ ಎತ್ತಿಯಾಡಬಹುದು. ಆದರೆ ಬರ್ಮಾದ ಪಗಾನಿನಲ್ಲಿ ನಾನಾದೇಶಿಗಳ, ಅಂದರೆ ದೇಶದೇಶ ಸುತ್ತುವ ಇಂಥದೇ ವರ್ತಕರ, ಹೆಸರಿನಲ್ಲಿ ವಿಷ್ಣುವಿನ ಗುಡಿಯೇ ಇತ್ತು. 13ನೇ ಶತಮಾನದಲ್ಲಿ ಅದಕ್ಕೆ ಮಂಟಪ, ದೀಪ ದಾನ ಬಂದ ಶಾಸನವಿದೆ. ಸಂತೆ ಮುಗಿಸಿ ಎದ್ದು ಬರುವವರು ಮಂಟಪ ಕಟ್ಟಿಸುವುದಿಲ್ಲ.

ವರ್ತಕರ ಧರ್ಮ ವರ್ತಕರಿಗೆ, ನಮಗೇನು ಎನ್ನುವವರು ಅದೇ ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಬರಬೇಕು. ಹರಿಹರನ ಬಸವರಾಜದೇವರ ರಗಳೆಯಲ್ಲಿ ಬಸವಣ್ಣ ಸಂಗಮವನ್ನು ಬಿಟ್ಟು ಹೊರಡಬೇಕಾದ ಗಳಿಗೆ ಬರುತ್ತದೆ. ಹೋಗಲು ಅವನಿಗೆ ಮನಸ್ಸಿಲ್ಲ. ಸಂಗಮನಾಥನೇ ಮಂಗಳವಾಡಕ್ಕೆ ಹೋಗು ಎನ್ನುತ್ತಾನೆ, ನಂದಿಯ ಮುಖದಿಂದ ಲಿಂಗವನ್ನು ಅವನ ಕೈಗೆ ಕೊಡಿಸುತ್ತಾನೆ. ಕಥೆಯನ್ನು ಪವಾಡವೆಂದು ಓದಿ, ಕಾವ್ಯವೆಂದು ಓದಿ, ಆ ಗಳಿಗೆಯನ್ನು ಗಮನಿಸಿ: ಅಂಗೈಯಲ್ಲಿ ಹಿಡಿಯುವ ದೇವರು ಬಂದದ್ದು ಊರು ಬಿಡುವ ಹೊತ್ತಿಗೆ. ಕ್ಷೇತ್ರದಲ್ಲೇ ಕೂತವನಿಗೆ ಅದರ ಜರೂರು ಇರಲಿಲ್ಲ. ಇವತ್ತು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಲಿಂಗವಿರುವ ಬೆಳ್ಳಿಯ ಕರಡಿಗೆ ಕೊರಳಿನಿಂದ ಇಳಿದು ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಲ್ಟು, ಮೊಬೈಲು, ಚಿಲ್ಲರೆ ಕಾಸಿನ ಪಕ್ಕ ಕೂರುತ್ತದೆ, ಕಪ್ಪು ರಬ್ಬರಿನ ಪರದೆಯೊಳಗೆ ಹೋಗಿ ಆಚೆ ಬರುತ್ತದೆ. ನೋಡಿದವರಿಗೆ ಕಸಿವಿಸಿಯಾಗಬಹುದು. ಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಅಪಚಾರವೇನಿಲ್ಲ, ಹೊತ್ತು ತಿರುಗಲೆಂದೇ ಕೊಟ್ಟ ದೇವರು ಅದು.

ಆದರೂ ಕ್ಷೇತ್ರ ಕ್ಷೇತ್ರವೇ, ಬನದ ಹುಣ್ಣಿವೆಯ ಬನಶಂಕರಿ ಜಾತ್ರೆಯನ್ನು ಡಲ್ಲಾಸಿಗೆ ಒಯ್ಯಲಾಗದು ಎಂಬುದು ಮುಂದಿನ ಆಕ್ಷೇಪ. ನಿಜ, ಒಯ್ಯಲಾಗದು. ಆದರೆ ಮಣ್ಣು ಮಾತ್ರ ಇದ್ದಲ್ಲೇ ಇರುತ್ತದೆ ಎಂಬ ನಂಬಿಕೆಯನ್ನು ಬಾಗಲಕೋಟೆಯವರ ಮುಂದೆ ಹೇಳಬಾರದು. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಮುಂದಿನ ದಶಕಗಳಲ್ಲಿ ಹಿನ್ನೀರು ಮನೆ, ಓಣಿ, ಅಂಗಡಿಸಾಲು, ಹೊಲ, ಗೋರಿಗಳನ್ನು ನುಂಗಿತು. ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಮಂಟಪವನ್ನು ಉಳಿಸಿಕೊಳ್ಳಲು ಸುತ್ತ ಬಾವಿಯಂತೆ ಗೋಡೆ ಎತ್ತಬೇಕಾಯಿತು, ಭಕ್ತರು ಮೆಟ್ಟಿಲಿಳಿದು ಹೋಗುತ್ತಾರೆ. ಊರು ಬಿಡದೇ ಉಳಿದವರು ಪುನರ್ವಸತಿಗೆಂದು ಕಟ್ಟಿದ ನವನಗರದ ಸೆಕ್ಟರ್ ನಂಬರುಗಳಲ್ಲಿ ಮತ್ತೆ ಸಂಸಾರ ಹೂಡಿದರು. ಅವರ ಮಣ್ಣಿನ ಋಣ ಏನಾಯಿತು? ಅದು ಮುಳುಗಿತು ಎಂದು ಯಾರೂ ಅನ್ನುವುದಿಲ್ಲ. ಹಳೆಯ ಓಣಿಯವರು ಮದುವೆಗೆ, ಮಣ್ಣಿಗೆ ಇವತ್ತಿಗೂ ಒಬ್ಬರಿಗೊಬ್ಬರು ಆಗುತ್ತಾರೆ, ಓಣಿಯೇ ಇಲ್ಲದಿದ್ದರೂ. ಇನ್ನೊಂದು ಮಾತು: ಬಾದಾಮಿ, ಹುನಗುಂದದ ತಾಂಡಾಗಳಿಂದ, ಕೇರಿಗಳಿಂದ ಗೋವಾಕ್ಕೆ, ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರದ್ದು ಗುಳೆ. ಅವರನ್ನು ಹಿಡಿದು ನಿಲ್ಲಿಸಿ ಮಣ್ಣಿನ ಋಣದ ಪ್ರಶ್ನೆ ಕೇಳಿದವರನ್ನು ನಾನರಿಯೆ. ಹಸಿವಿನಿಂದ ಹೋದವನ ಮಣ್ಣು ಒಂದು ಬಗೆ, ಸಂಬಳಕ್ಕೆ ಹೋದವನ ಮಣ್ಣು ಇನ್ನೊಂದು ಬಗೆ ಇರಲಾರದು.

ಹೋದವರು ಸಾಲಗಾರರೇ ಅಲ್ಲ ಎಂದು ಇದರಿಂದ ತೀರ್ಮಾನಿಸುವವರೂ ಇದ್ದಾರೆ. ಓದಿದ್ದು ನನ್ನ ಬುದ್ಧಿಯಿಂದ, ದುಡಿದದ್ದು ನನ್ನ ರಟ್ಟೆಯಿಂದ ಎನ್ನುವವರು. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ, ಅದನ್ನು ತೆರೆದ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ಆ ನಡುವಿನ ಐವತ್ತೇಳು ವರ್ಷ ಬೇರೆಯವರ ಮಕ್ಕಳ ಓದಿಗೆ ದುಡಿದವರು, ದಾನ ಕೊಟ್ಟವರು ಇಲ್ಲದೆ ಆಗಲಿಲ್ಲ. ಅಲ್ಲಿ ಓದಿದವನ ಬುದ್ಧಿಯಲ್ಲಿ ಅವರ ಪಾಲೂ ಇದೆ. ಋಣವಿದೆ, ಸರಿ, ಅದನ್ನು ಯಾರಿಗೆ ಕಟ್ಟುತ್ತಿದ್ದಾನೆ ಎಂದು ನೋಡಿದಾಗಲೇ ಸೋಜಿಗ. ಪರದೇಶದ ದುಡ್ಡು ಊರಿಗೆ ಬಂದಾಗ ಕಣ್ಣಿಗೆ ಕಾಣುವುದು ಮಹಾದ್ವಾರದಲ್ಲಿ, ಕಲ್ಯಾಣ ಮಂಟಪದಲ್ಲಿ, ಗುಡಿಯ ಗ್ರಾನೈಟ್ ನೆಲದಲ್ಲಿ, ದಾನಿಯ ಹೆಸರು ಕೊರೆದ ಫಲಕದಲ್ಲಿ. ಶರಣರು ಸ್ಥಾವರ–ಜಂಗಮ ಎಂದು ಬೇರೆ ಮಾಡಿ, ನಿಂತದ್ದಕ್ಕಿಂತ ನಡೆಯುವುದನ್ನು ದೊಡ್ಡದು ಮಾಡಿದ ನಾಡಿದು. ಅಲ್ಲಿ ತಾನೇ ಜಂಗಮನಾಗಿ ದೇಶ ತಿರುಗಿದವನು ಸ್ಥಾವರಕ್ಕೆ ಕಪ್ಪ ಕಟ್ಟಿ ಕೈ ತೊಳೆದುಕೊಳ್ಳುತ್ತಾನೆ. ಮಣ್ಣಿನ ಋಣ ಎಂಬ ಮಾತು ಅವನಿಗೆ ಕೊಡುವ ಅನುಕೂಲವೇ ಇದು. ಕಲ್ಲು ಒಮ್ಮೆ ದುಡ್ಡು ತೆಗೆದುಕೊಂಡರೆ ಮತ್ತೆ ಫೋನ್ ಮಾಡುವುದಿಲ್ಲ.

ಫೋನ್ ಮಾಡುವವರ ಬೇಡಿಕೆಗಳು ಸಣ್ಣವು, ಅದಕ್ಕೇ ಕಷ್ಟದವು. ತಾಯಿಗೆ ಕಣ್ಣಿನ ಪೊರೆ ತೆಗೆಸಬೇಕು, ಆಪರೇಷನ್ ಆದ ರಾತ್ರಿ ಹತ್ತಿರ ಯಾರಾದರೂ ಇರಬೇಕು. ನವೆಂಬರಿನಲ್ಲಿ ತಂದೆಯ ಪಿಂಚಣಿಗೆ ಜೀವಿತ ಪ್ರಮಾಣಪತ್ರ ಕೊಡಬೇಕು. ಬ್ಯಾಂಕಿನ ಬೆರಳಚ್ಚು ಯಂತ್ರ ದುಡಿದು ಸವೆದ ಹೆಬ್ಬೆರಳನ್ನು ಮೂರು ಸಲ ಒರೆಸಿ ಒತ್ತಿದರೂ ಒಪ್ಪುವುದಿಲ್ಲ, ಬದುಕಿರುವವನು ಬದುಕಿದ್ದೇನೆಂದು ಸಾಬೀತು ಮಾಡಲು ಇನ್ನೊಂದು ದಿನ ಬರಬೇಕು. ಆ ಇನ್ನೊಂದು ದಿನ ಜೊತೆಗೆ ಹೋಗುವವರು ಯಾರು? ಕಾನೂನು ಈ ಪ್ರಶ್ನೆಯನ್ನು ಸ್ವಲ್ಪ ದೂರ ಬೆನ್ನಟ್ಟಿದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆ ದೇಶದ ಹೊರಗಿರುವ ಭಾರತದ ಪ್ರಜೆಗಳಿಗೂ ಅನ್ವಯ ಎಂದು ತನ್ನ ಮೊದಲ ಕಲಮಿನಲ್ಲೇ ಹೇಳುತ್ತದೆ. ಹೊರಗಿದ್ದು ಬೇರೆ ದೇಶದ ಪ್ರಜೆಯಾದವರ ಮಾತು ಆ ಸಾಲಿನಲ್ಲಿಲ್ಲ. ಅದೇ ಹೊಸ ಪ್ರಜೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಮಾಡಿಸಿಕೊಂಡರೆ ಹುನಗುಂದದ ಎರೆ ಹೊಲವನ್ನು ಕೊಳ್ಳುವಂತಿಲ್ಲ, ಅಪ್ಪನಿಂದ ಪಿತ್ರಾರ್ಜಿತವಾಗಿ ಪಡೆಯಬಹುದು. ಮಣ್ಣಿನ ಹಕ್ಕು ಅವನಿಗೆ ಉಳಿಯುತ್ತದೆ, ಅಪ್ಪನ ಹೊಣೆಯ ವಿಷಯದಲ್ಲಿ ಕಾಯಿದೆ ಸುಮ್ಮನಿದೆ. ಮಣ್ಣೊಂದನ್ನೇ ಹಿಡಿದು ಧರ್ಮ ಅಳೆಯುವವರು ಈ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ದುಡ್ಡು ಕಳಿಸುವುದೂ ಸೇವೆಯೇ, ಊರಲ್ಲೇ ಇರುವ ಮಕ್ಕಳು ನೋಡಿಕೊಳ್ಳದ ಮನೆಗಳೂ ಬೇಕಾದಷ್ಟಿವೆ ಎಂಬ ಉತ್ತರ ಬರುತ್ತದೆ. ಎರಡೂ ಒಪ್ಪತಕ್ಕವು. ತಂಗಿಯ ಫೀಸು ಕಟ್ಟಿದ, ಮನೆಗೆಲಸದವರಿಗೆ ತಪ್ಪದೆ ಸಂಬಳ ಹಾಕಿದ ದುಡ್ಡು ಜಂಗಮಕ್ಕೇ ಸಂದದ್ದು. ಹತ್ತಿರವಿದ್ದ ಮಾತ್ರಕ್ಕೆ ಋಣ ತೀರುವುದಿಲ್ಲ ಎಂಬುದು ನನ್ನ ವಾದಕ್ಕೆ ಬಲವೇ. ಎರಡು ದೋಣಿಯಲ್ಲಿ ಕಾಲಿಟ್ಟವರು ಎಂಬ ಮೂದಲಿಕೆಯ ವಿಷಯಕ್ಕೆ ಬಂದರೆ, ಇಳಕಲ್ಲಿನ ಮಗ್ಗದ ಹತ್ತಿರ ನಿಂತು ನೋಡಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದಾಗಿರಬಹುದು. ಅವೆರಡನ್ನೂ ಎಳೆಎಳೆಯಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ, ತೋಪು ತೆಣಿ ಎನ್ನುವುದು ಅದಕ್ಕೇ. ಹೀಗಾಗಿ ಒಂದೇ ಉದ್ದ ಹಾಸಿನಲ್ಲಿ ಹತ್ತಾರು ಸೀರೆ ನೇಯ್ದು ಕತ್ತರಿಸಲಾಗುವುದಿಲ್ಲ, ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಿ ಕೂಡಿಸಬೇಕು. ಪರದೇಶದಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಅಜ್ಜಿಯ ಮಾತು ತಿಳಿಯುವುದಿಲ್ಲ ಎಂದು ಕೊರಗುವವರು ನೆನಪಿಡಬೇಕಾದ ಕೆಲಸ ಇದು. ಬೇಸಗೆಯ ಮೂರು ವಾರ ಅವರನ್ನು ತಂದು ಬಾದಾಮಿಯ ಗುಹೆ ತೋರಿಸಿ ವಾಪಸು ಕರೆದೊಯ್ದರೆ ಅಗಸ್ತ್ಯತೀರ್ಥದ ಫೋಟೋ ಉಳಿಯುತ್ತದೆ, ಎಳೆ ಕೂಡುವುದಿಲ್ಲ.

ಕೊನೆಗೆ ಮಣ್ಣಿನ ಪಕ್ಷದವರ ಗಟ್ಟಿ ವಾದ ಸಾವಿನದು. ಸತ್ತರೆ ಹುಟ್ಟಿದ ಮಣ್ಣಿಗೇ ಸೇರಬೇಕು. ಪರದೇಶದಲ್ಲಿ ತೀರಿಕೊಂಡವರನ್ನು ತರಲು ಅಲ್ಲಿನ ಮರಣಪತ್ರ ಬೇಕು, ದೇಹ ಕೆಡದಂತೆ ರಾಸಾಯನಿಕ ಹಾಕಿದ ಪ್ರಮಾಣಪತ್ರ ಬೇಕು, ರಾಯಭಾರ ಕಚೇರಿಯ ನಿರಾಕ್ಷೇಪಣೆ ಬೇಕು, ಪಾಸ್‌ಪೋರ್ಟ್ ರದ್ದಾಗಬೇಕು. ಆಮೇಲೆ ವಿಮಾನದ ಸರಕಿನ ವಿಭಾಗ, ಆಂಬುಲೆನ್ಸ್, ಊರು. ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡುವುದು ರೂಢಿ. ದಿನಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿ ಬಂದ ದೇಹವನ್ನು ಕೂರಿಸುವುದು ಸುಲಭವಲ್ಲ. ಲಿಂಗದಲ್ಲಿ ಐಕ್ಯನಾದವನಿಗೆ ಪಿಂಡದ ಹಂಗಿಲ್ಲ, ತೀರ್ಥದ ಹಂಗಿಲ್ಲ, ಇಂಥ ನೆಲವೇ ಆಗಬೇಕೆಂಬುದೂ ಇಲ್ಲ. ತತ್ತ್ವದ ಮಾತಿಗೆ ಅಲ್ಲೇ ಮಣ್ಣು ಮಾಡಿದರೂ ಕೊರತೆಯಿಲ್ಲ. ಹಾಗಿದ್ದೂ ಮನೆಯವರು ಸಾಲ ಮಾಡಿ, ಕಚೇರಿಗಳಿಗೆ ಅಲೆದು ತರಿಸುತ್ತಾರೆ. ಪೆಟ್ಟಿಗೆ ಅಂಗಳದಲ್ಲಿ ಇಳಿದಾಗ ಅಗೆದಿಟ್ಟ ಕುಣಿಯ ಕಡೆ ಯಾರೂ ನೋಡುವುದಿಲ್ಲ. ಮುಚ್ಚಳ ತೆಗೀರಿ, ಮುಖ ನೋಡ್ತೀನಿ ಅನ್ನುತ್ತಾಳೆ ತಾಯಿ.