ಯೋಗವೂ ಕ್ಷೇಮವೂ

ಇಲ್ಲದುದನ್ನು ಪಡೆಯುವುದು ಯೋಗವೆಂದೂ, ಪಡೆದುದನ್ನು ಕಾಪಾಡುವುದು ಕ್ಷೇಮವೆಂದೂ ಪ್ರಾಚೀನರು ವಿಂಗಡಿಸಿರುವರು. ಇವೆರಡರ ಬೆಲೆಯೂ ಒಂದೇ ಅಲ್ಲವೆಂಬುದಕ್ಕೆ, ಅನ್ಯರು ಬಳಸಿ ಮಾರಿದ ಮಹಾವೇಗದ ಮೋಟಾರೇ ನಿದರ್ಶನವು.

2005ರಲ್ಲಿ ಮಾರಾಟಕ್ಕೆ ಬಂದ ಬಿ.ಎಂ.ಡಬ್ಲ್ಯು. ಎಂ5 ಎಂಬ ಜರ್ಮನಿಯ ಕಾರನ್ನು ನೋಡಿರಿ. ಅದಕ್ಕೆ ಹತ್ತು ಸಿಲಿಂಡರುಗಳು, 507 ಅಶ್ವಶಕ್ತಿ. ಕಾಲಕ್ರಮದಲ್ಲಿ ಇಂತಹ ವಾಹನದ ಬೆಲೆಯು ಇಳಿಯುವುದು; ಸವೆದ ಬೇರಿಂಗು, ಬ್ರೇಕು, ಟೈರುಗಳ ವೆಚ್ಚವು ಅದರೊಡನೆ ಇಳಿಯುವುದಿಲ್ಲ. ಯೋಗವು ಸುಲಭವಾಯಿತು, ಕ್ಷೇಮವು ದುರ್ಲಭವಾಗಿಯೇ ಉಳಿಯಿತು.

ಪರರು ಕೈಬಿಟ್ಟ ಒಳ್ಳೆಯ ಯಂತ್ರವನ್ನು ಉದ್ಧರಿಸುವುದು ಪುಣ್ಯವಲ್ಲವೆ ಎಂದು ಕೆಲವರು ಕೇಳಬಹುದು. ಅಹುದು, ಉದ್ಧರಿಸಿದರೆ ಪುಣ್ಯವೇ. ಆದರೆ ಹಣ ಸಾಲದೆ ಬ್ರೇಕಿನ ದುರಸ್ತಿಯನ್ನು ಮುಂದೂಡಿ, ಅಂಬಿಕಾನಗರದಿಂದ ದಾಂಡೇಲಿಗೆ ಹೋಗುವ ಕಾಡಿನ ತಿರುವುಗಳಲ್ಲಿ ಅದನ್ನು ಓಡಿಸಿದರೆ, ಆಗುವ ನಷ್ಟವು ಯಜಮಾನನೊಬ್ಬನದಲ್ಲ. ಎದುರಿಗೆ ಬರುವ ಸೈಕಲ್ಲಿನವನದು, ದಾರಿ ದಾಟುವ ಜಿಂಕೆಯದು.

ಅಂಬಿಕಾನಗರದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಬೊಮ್ಮನಹಳ್ಳಿಯ ಜಲಾಶಯದಲ್ಲಿ ತಡೆದ ಕಾಳೀನದಿಯ ನೀರು ಸುರಂಗದಲ್ಲಿ ಸಾಗಿ, ನಾಗಝರಿಯ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುವುದು. ಆ ಶಕ್ತಿಯು ಲೋಕೋಪಕಾರಿಯಾದುದು ನೀರಿನ ರಭಸದಿಂದ ಮಾತ್ರವಲ್ಲ; ಬಾಗಿಲುಗಳನ್ನೂ ಕವಾಟಗಳನ್ನೂ ಹಗಲಿರುಳು ಕಾಯುವವರಿಂದ.

ಆದುದರಿಂದ ಕೇಳಬೇಕಾದುದು, ಕೊಳ್ಳಲು ಶಕ್ತನೋ ಎಂದಲ್ಲ, ಕಾಯಲು ಶಕ್ತನೋ ಎಂದು. ನೋಂದಣಿಯ ಪತ್ರದಲ್ಲಿ ಹೆಸರು ಬದಲಾದ ಮಾತ್ರಕ್ಕೆ ಒಡೆತನವು ಸಿದ್ಧಿಸುವುದಿಲ್ಲ. ಕಾಯಬಲ್ಲವನೇ ಒಡೆಯನು, ಕಾಯಲಾರದವನು ಅಪಾಯವೊಂದರ ವಾರಸುದಾರನು ಮಾತ್ರ.