ಮಿಥ್ಯಾಚಾರವೂ ಮೇಜಿನ ಮೇಲಿನ ಯಂತ್ರವೂ

ಕರ್ಮೇಂದ್ರಿಯಗಳನ್ನು ಅಡಗಿಸಿಟ್ಟು, ಮನಸ್ಸಿನಲ್ಲಿ ಮಾತ್ರ ವಿಷಯಗಳನ್ನು ಮೆಲುಕುಹಾಕುತ್ತ ಕುಳಿತಿರುವವನನ್ನು ಭಗವದ್ಗೀತೆಯ ಮೂರನೆಯ ಅಧ್ಯಾಯವು ಮಿಥ್ಯಾಚಾರನೆಂದು ಕರೆಯುತ್ತದೆ. ಈ ಶಬ್ದವು ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿರುವುದಕ್ಕೆ ಕಾರಣವು ಯಾವ ತಪಸ್ಸೂ ಅಲ್ಲ, ವ್ರತವೂ ಅಲ್ಲ. ನನ್ನ ಮೇಜಿನ ಮೇಲಿರುವ ಕಂಪ್ಯೂಟರು. ಅದರಲ್ಲಿ ನನಗೆ ಎರಡು ಖಾತೆಗಳುಂಟು. ಒಂದು ಸರ್ವಾಧಿಕಾರವುಳ್ಳದ್ದು, ಹೊಸ ತಂತ್ರಾಂಶವನ್ನು ಸ್ಥಾಪಿಸುವುದು, ಹಳೆಯದನ್ನು ಕಿತ್ತೊಗೆಯುವುದು, ವ್ಯವಸ್ಥೆಯ ಮೂಲ ಕಡತಗಳನ್ನು ತಿದ್ದುವುದು ಅದಕ್ಕೆ ಸಾಧ್ಯ. ಇನ್ನೊಂದು ಬಡವನ ಖಾತೆ. ಅಂತರ್ಜಾಲದಲ್ಲಿ ಅಲೆಯುವುದಕ್ಕೆಂದೇ ಮಾಡಿಕೊಂಡದ್ದು, ತನ್ನ ಕೋಣೆಯಾಚೆ ಒಂದು ಮೊಳೆಯನ್ನೂ ಕೀಳಲಾರದ್ದು. ಎರಡರ ಕೀಲಿಯೂ ನನ್ನ ಬಳಿಯಲ್ಲಿಯೇ ಇರುವಾಗ, ಕೈಗಳನ್ನು ಕಟ್ಟಿಕೊಂಡು ಮನಸ್ಸನ್ನು ಬಿಚ್ಚಿಟ್ಟ ಆ ಮಿಥ್ಯಾಚಾರನಿಗೂ ನನಗೂ ಭೇದವೇನು?

ಯಂತ್ರಲೋಕದ ನ್ಯಾಯವು ಬಹಳ ಸರಳವಾದುದು, ಬಹಳ ಕಠೋರವಾದುದು ಕೂಡ. ಯಾರ ಹೆಸರಿನಲ್ಲಿ ಒಂದು ಪ್ರೋಗ್ರಾಂ ಓಡುತ್ತದೆಯೋ ಅವರ ಅಧಿಕಾರವು ಆ ಪ್ರೋಗ್ರಾಮಿಗೆ ದತ್ತವಾಗುತ್ತದೆ. ಅದು ನಾನು ತಿಳಿದು ಕರೆದ ಅತಿಥಿಯೋ, ಯಾವುದೋ ಪುಟದ ಬಾಗಿಲಿನಿಂದ ನುಸುಳಿಬಂದ ಕಳ್ಳನೋ ಎಂಬ ವಿಚಾರಣೆ ಅಲ್ಲಿಲ್ಲ. ಮುದ್ರೆಯುಂಗುರವನ್ನು ಧರಿಸಿಕೊಂಡೇ ಸಂತೆಗೆ ಹೋದ ಅರಸನ ಬೆರಳಿನಿಂದ ಉಂಗುರ ಜಾರಿದರೆ, ಅದರೊಡನೆ ರಾಜ್ಯವೂ ಜಾರುತ್ತದೆ. ಪ್ರತಿಯೊಬ್ಬ ಬಳಕೆದಾರನೂ ಪ್ರತಿಯೊಂದು ಪ್ರೋಗ್ರಾಮೂ ಹಿಡಿದ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರದಿಂದ ವ್ಯವಹರಿಸತಕ್ಕದ್ದೆಂಬ ಸೂತ್ರವನ್ನು ಸಾಲ್ಟ್ಸರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು 1975ರಲ್ಲಿಯೇ ಬರೆದಿಟ್ಟಿದ್ದರು. ಆದರೂ 2001ರಲ್ಲಿ ಹೊರಬಂದು ಮನೆಮನೆಯನ್ನೂ ಹೊಕ್ಕ ವಿಂಡೋಸ್ ಎಕ್ಸ್‌ಪಿಯು, ಸ್ಥಾಪನೆಯ ವೇಳೆಯಲ್ಲಿ ಹೆಸರು ಬರೆಸಿದವರನ್ನೆಲ್ಲ ಅಡ್ಮಿನಿಸ್ಟ್ರೇಟರುಗಳನ್ನಾಗಿಯೇ ಮಾಡಿತು. ಎಲ್ಲರಿಗೂ ಕಿರೀಟ ತೊಡಿಸಿದ ಆ ಔದಾರ್ಯದ ಫಲವನ್ನು ವೈರಸ್ಸುಗಳು ಉಂಡವು.

ನಮ್ಮ ಮನೆಯಲ್ಲಿ ಈ ಸೂತ್ರವು ಬೇರೊಂದು ಹೆಸರಿನಿಂದ ಬಳಕೆಯಲ್ಲಿತ್ತು. ಬೀದಿಗೆ ಹೋಗಿಬಂದ ಸೀರೆಯಲ್ಲಿ ನನ್ನ ಅಜ್ಜಿ ದೇವರಮನೆಯ ಹೊಸ್ತಿಲನ್ನು ದಾಟುತ್ತಿರಲಿಲ್ಲ. ಗಳುವಿನ ಮೇಲೆ ಒಣಗಿದ ಮಡಿಸೀರೆಯನ್ನು ಕೋಲಿನಿಂದ ಇಳಿಸಿಕೊಂಡು ಉಟ್ಟ ಮೇಲೆಯೇ ಅವರಿಗೆ ನೈವೇದ್ಯದ ಪಾತ್ರೆಯನ್ನು ಮುಟ್ಟುವ ಅಧಿಕಾರ. ಬೀದಿಯನ್ನು ಅವರು ಎಂದೂ ಹಳಿದವರಲ್ಲ. ಬೀದಿಯದನ್ನು ಬೀದಿಯಲ್ಲಿಯೇ ಬಿಟ್ಟುಬರುತ್ತಿದ್ದರು. ಅಲೆದಾಡುವ ನನ್ನ ಖಾತೆಯ ಬ್ರೌಸರಿನಲ್ಲಿಯೂ ಬ್ಯಾಂಕಿನ ಕುಕಿಯಾಗಲಿ ಉಳಿಸಿಟ್ಟ ಪಾಸ್‌ವರ್ಡಾಗಲಿ ಇಲ್ಲ. ಅಲ್ಲಿಗೆ ನುಗ್ಗಿದ ಕಳ್ಳನಿಗೆ ದೊರಕುವುದು ಬಹುಮಟ್ಟಿಗೆ ಬೀದಿಯ ಧೂಳು. ಮಡಿಯ ಹೆಸರಿನಲ್ಲಿ ನಮ್ಮ ಸಮಾಜವು ಮೈಲಿಗೆಯನ್ನು ಬಟ್ಟೆಯಿಂದೆತ್ತಿ ಮನುಷ್ಯರ ಮೇಲೆ ಹಾಕಿ, ಹುಟ್ಟನ್ನೇ ನೆವಮಾಡಿಕೊಂಡು ಎಷ್ಟೋ ಜನರನ್ನು ಹೊಸ್ತಿಲಾಚೆ ನಿಲ್ಲಿಸಿದ ಪಾಪವನ್ನು ಮರೆಯಲಾರೆನಾದುದರಿಂದ, ಈ ಹೋಲಿಕೆಯನ್ನು ಅಳುಕುತ್ತಲೇ ಮುಂದಿಡುತ್ತೇನೆ. ಯಂತ್ರದ ಮಡಿಯಲ್ಲಿ ಮಾತ್ರ ಒಂದು ನೀತಿಯುಂಟು: ಅಲ್ಲಿ ಹೊರಗೆ ನಿಲ್ಲಬೇಕಾದವನು ಅನ್ಯನಲ್ಲ, ಯಜಮಾನನೇ.

ತಮಾಷೆಯೆಂದರೆ, ಈ ವಿಷಯದಲ್ಲಿ ಯಂತ್ರವು ಮಧ್ವಮತಾನುಯಾಯಿ. ಘಟಾಕಾಶ ಮಠಾಕಾಶಗಳೆಂಬ ಭೇದವು ಉಪಾಧಿಯಿಂದ ತೋರಿದ್ದೇ ಹೊರತು ಆಕಾಶವೊಂದೇ, ಎರಡು ಖಾತೆಗಳೊಳಗೂ ಇರುವವನು ನಾನೊಬ್ಬನೇ ಎಂದು ಅದ್ವೈತಿಯಂತೆ ನಾನೆಷ್ಟು ವಾದಿಸಿದರೂ ಅದು ಒಪ್ಪದು. ಜೀವಜೀವರಿಗೆ ಭೇದ, ಜೀವೇಶ್ವರರಿಗೆ ಭೇದ ಎಂದು ಪಂಚಭೇದವನ್ನು ಬಿಗಿಹಿಡಿದು ಕುಳಿತಿರುತ್ತದೆ. ಯುನಿಕ್ಸ್ ಪರಂಪರೆಯ ಯಂತ್ರಗಳ ಒಳತಿರುಳಿಗೆ ಮನುಷ್ಯರ ಹೆಸರುಗಳೇ ಬೇಕಾಗಿಲ್ಲ; ಪ್ರತಿಯೊಂದು ಖಾತೆಯೂ ಅದಕ್ಕೊಂದು ಸಂಖ್ಯೆ. 'ರೂಟ್' ಎಂಬ ಸರ್ವಾಧಿಕಾರಿಯ ಸಂಖ್ಯೆ ಸೊನ್ನೆ. ಅಧಿಕಾರವಿಲ್ಲದಿರುವುದಕ್ಕೆಂದೇ ಸೃಷ್ಟಿಸಿದ ಖಾತೆಗೆ 'ನೋಬಡಿ', ಎಂದರೆ ಯಾರೂ ಅಲ್ಲದವನು ಎಂದು ಹೆಸರು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಅವನ ಸಂಖ್ಯೆ 65534. ಎಲ್ಲವನ್ನೂ ಮಾಡಬಲ್ಲವನಿಗೆ ಸೊನ್ನೆ, ಏನನ್ನೂ ಮಾಡಲಾರದವನಿಗೆ ಅರುವತ್ತೈದು ಸಾವಿರಕ್ಕೂ ಮಿಗಿಲು! ಅಲ್ಲಮನ ನಾಡಿನವರಿಗೆ ಇದು ಅಷ್ಟೇನೂ ವಿಚಿತ್ರವಾಗಿ ತೋರದೆಂದು ಕಾಣುತ್ತದೆ.

ಇನ್ನು ಮಿಥ್ಯಾಚಾರದ ಮಾತು. ಗೀತೆಯು ಹಳಿಯುವವನು, ನಾನು ಗ್ರಹಿಸಿರುವಂತೆ, ಕೈಕಾಲುಗಳು ಸುಮ್ಮನಿರುವುದನ್ನೇ ಇಂದ್ರಿಯಜಯವೆಂದು ಎಣಿಸಿದವನು. ಬಡ ಖಾತೆಯನ್ನು ಹೊಕ್ಕವನ ಒಪ್ಪಿಗೆಯೋ ಇದಕ್ಕೆ ತದ್ವಿರುದ್ಧವಾದುದು: ನನ್ನ ಮನಸ್ಸು ಚಪಲವಾದುದು, ಕಣ್ಣಿಗೆ ಬಿದ್ದುದನ್ನೆಲ್ಲ ಅದು ಒತ್ತೀತು, ಆದುದರಿಂದ ಒತ್ತಿದರೂ ಮನೆ ಉರಿಯದಿರಲೆಂದು ಬೆಂಕಿಪೆಟ್ಟಿಗೆಯನ್ನು ಬೇರೆಡೆ ಇಟ್ಟಿದ್ದೇನೆ ಎಂಬ ಒಪ್ಪಿಗೆ. ಇದನ್ನು ಸಂಯಮವೆಂದು ಕರೆದುಕೊಳ್ಳಲು ನನಗೆ ನಾಚಿಕೆ. ಸಂಯಮವು ತನ್ನಲ್ಲಿಲ್ಲವೆಂದು ಬಲ್ಲವನ ಏರ್ಪಾಡು ಇದು. ಏರ್ಪಾಡಿಗೆ ಮಿತಿಗಳೂ ಉಂಟು. ಕಡತಗಳಿಗೆ ಬೀಗವಿಕ್ಕಿ ಹಣ ಕೇಳುವ ದುಷ್ಟ ತಂತ್ರಾಂಶಕ್ಕೆ ಸರ್ವಾಧಿಕಾರವೇ ಬೇಕೆಂದಿಲ್ಲ, ಬಡವನ ಕಡತಗಳೂ ಆದೀತು. ವ್ಯವಸ್ಥೆಯ ತಿರುಳಿನಲ್ಲಿಯೇ ಬಿರುಕಿದ್ದರೆ ಗೋಡೆ ನಿಲ್ಲದು. ಫೋನಿನಲ್ಲಿ ಸವಿಮಾತಾಡಿದವನಿಗೆ ಒಟಿಪಿಯನ್ನು ನಾನೇ ಓದಿಹೇಳಿದರಂತೂ ನೂರು ಖಾತೆಗಳಿದ್ದೂ ವ್ಯರ್ಥ.

ಎಲ್ಲಕ್ಕಿಂತ ದುರ್ಬಲವಾದುದು ಎರಡು ಖಾತೆಗಳ ನಡುವಣ ಬಾಗಿಲು. ಬಡ ಖಾತೆಯಲ್ಲಿರುವಾಗ ಯಾವುದಾದರೂ ಪ್ರೋಗ್ರಾಂ ಹೆಚ್ಚಿನ ಅಧಿಕಾರವನ್ನು ಬೇಡಿದರೆ ಯಂತ್ರವು ಅಧಿಕಾರಿಯ ಪಾಸ್‌ವರ್ಡನ್ನು ಕೇಳುತ್ತದೆ. ಇದು ಪೂಜೆಗೆ ಮುಂಚಿನ ಸಂಕಲ್ಪದಂತೆ: ಕಲ್ಪ ಮನ್ವಂತರಗಳಿಂದ ತೊಡಗಿ ತಿಥಿ ವಾರಗಳವರೆಗೆ ಇಳಿದು, ಗೋತ್ರ ನಾಮಗಳನ್ನು ಉಚ್ಚರಿಸಿ, ಇಂಥವನಾದ ನಾನು ಇಂಥ ಕರ್ಮವನ್ನು ಮಾಡುತ್ತೇನೆಂದು ನುಡಿಯುವ ಆ ಕ್ಷಣದಲ್ಲಿ ಕರ್ತೃವು ತನ್ನ ಕರ್ತೃತ್ವವನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ. ಆದರೆ ಪುರೋಹಿತರ ಹಿಂದೆ ಗೊಣಗುವ ನಮ್ಮಲ್ಲಿ ಎಷ್ಟು ಮಂದಿ ಆ ಮಾತುಗಳನ್ನು ಕಿವಿಯಾರೆ ಕೇಳಿದ್ದೇವೆ? 2007ರಲ್ಲಿ ಮನೆಬಳಕೆಗೆ ಬಂದ ವಿಂಡೋಸ್ ವಿಸ್ಟಾ ಮಾತುಮಾತಿಗೂ ಅನುಮತಿ ಕೇಳತೊಡಗಿದಾಗ, ಓದದೆಯೇ 'ಆಗಲಿ' ಎಂದು ಒತ್ತಿಬಿಡುವ ಅಭ್ಯಾಸವು ಎಷ್ಟೋ ಜನರಿಗೆ ಅಂಟಿಕೊಂಡಿತು.

ಮೊನ್ನೆ ಸಂಜೆ ಹಳೆಯ ಹಾಡೊಂದನ್ನು ಹುಡುಕುತ್ತಿದ್ದಾಗ, ಕೇಳಬೇಕಾದರೆ ಇದೊಂದನ್ನು ಸ್ಥಾಪಿಸಿಕೊಳ್ಳಿರೆಂದು ಯಾವುದೋ ಪುಟ ಹೇಳಿತು. ಒಪ್ಪಿದೆ, ಪಾಸ್‌ವರ್ಡಿನ ಚೌಕ ಮೂಡಿತು. ಬೆರಳುಗಳು ಆಗಲೇ ಮೂರು ಅಕ್ಷರಗಳನ್ನು ಒತ್ತಿಬಿಟ್ಟಿದ್ದವು. ನಾಲ್ಕನೆಯದು ನೆನಪಿಗೆ ಬರಲಿಲ್ಲ. ಬರೆದಿಟ್ಟ ಚೀಟಿ ಮಹಡಿಯ ಮೇಲಿನ ಕಪಾಟಿನಲ್ಲಿತ್ತು; ಮೊಣಕಾಲು ನೋಯುತ್ತಿತ್ತು. ಹಾಡನ್ನು ಕೇಳದೆಯೇ ಎದ್ದೆ.