ಎತ್ತುವ ಇಡುವ ಎಚ್ಚರ: ಪ್ರಯೋಗಶಾಲೆಯಲ್ಲಿ ಪ್ರಮಾದದ ಪ್ರಶ್ನೆ

ಬೇಕೆಂದು ಮಾಡದ ಕೆಲಸದಿಂದ ಇನ್ನೊಂದು ಜೀವಕ್ಕೆ ನೋವಾದರೆ ಮಾಡಿದವನು ಎಷ್ಟರಮಟ್ಟಿಗೆ ಹೊಣೆ ಎಂಬ ಪ್ರಶ್ನೆಗೆ ಕಲಬುರಗಿ ಸೀಮೆಯಲ್ಲಿ ಬೆಳೆದ ವಿದ್ವತ್ತು ಎರಡು ಬಗೆಯ ಉತ್ತರಗಳನ್ನು ಇಟ್ಟುಕೊಂಡಿತ್ತು. ಮರತೂರಿನವನೆಂದು ಇಲ್ಲಿಯವರು ನಂಬುವ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ರಚಿಸಿದ ಮಿತಾಕ್ಷರದ ಪ್ರಾಯಶ್ಚಿತ್ತಾಧ್ಯಾಯವು ತಿಳಿದು ಮಾಡಿದ ಪಾಪವನ್ನೂ ತಿಳಿಯದೆ ಮಾಡಿದ ಪಾಪವನ್ನೂ ಬೇರೆಬೇರೆಯಾಗಿ ತೂಗುತ್ತದೆ; ಅಲ್ಲಿ ಅಳತೆಗೋಲು ಮನಸ್ಸಿನ ಉದ್ದೇಶ. ಅದಕ್ಕೂ ಹಿಂದೆ, ಕಾಗಿಣಾ ದಂಡೆಯ ಮಳಖೇಡದಲ್ಲಿ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯ ಪಡೆದ ಜೈನ ವಿದ್ವಾಂಸರ ಪರಂಪರೆ ಹಿಡಿದ ಅಳತೆಗೋಲು ಬೇರೆಯದು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಜೀವಹಾನಿಯನ್ನಷ್ಟೇ ಹೇಳದೆ, ಆ ಹಾನಿ ಪ್ರಮಾದದಿಂದ, ಎಂದರೆ ಎಚ್ಚರ ತಪ್ಪಿದ ಮನಸ್ಸು ಮಾತು ಮೈಗಳ ಚಲನೆಯಿಂದ ಆಗಿರಬೇಕೆಂದು ಹೇಳುತ್ತದೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಚ್ಚರವಿಲ್ಲದೆ ನಡೆದವನಿಗೆ ಜೀವಿ ಸತ್ತರೂ ಬದುಕಿದರೂ ಹಿಂಸೆಯ ದೋಷ ತಪ್ಪದು, ಎಚ್ಚರದಿಂದ ನಡೆದವನಿಗೆ ಹಾನಿ ಸಂಭವಿಸಿದ ಮಾತ್ರಕ್ಕೆ ಕರ್ಮಬಂಧವಿಲ್ಲ ಎಂದು ನಿಲ್ಲಿಸುತ್ತಾರೆ. ಇಂದಿನ ಕನ್ನಡದಲ್ಲಿ ‘ಪ್ರಮಾದ’ವೆಂದರೆ ಆಗಿಹೋದ ದೊಡ್ಡ ತಪ್ಪು ಎಂದಷ್ಟೇ ಅರ್ಥ ಉಳಿದಿದೆ, ಅದು ತಪ್ಪಿಗೂ ಮುಂಚೆ ಇದ್ದ ಮನಸ್ಸಿನ ಸ್ಥಿತಿಯ ಹೆಸರಾಗಿತ್ತೆಂಬುದನ್ನು ಭಾಷೆ ಮರೆತಿದೆ.

ಈ ಮರೆತ ಅರ್ಥವು ಅತ್ಯಂತ ನಿಚ್ಚಳವಾಗಿ ಕಾಣುವ ಇಂದಿನ ತಾಣ ಶಾಲೆಯ ರಸಾಯನ ಪ್ರಯೋಗಶಾಲೆ. ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಂಥ ಊರಿನ ಹದಿನೈದು ವರ್ಷದ ಹುಡುಗಿಗೆ ಪಕ್ಕದವಳ ಕಣ್ಣನ್ನು ಸುಡುವ ಉದ್ದೇಶ ಎಂದೂ ಇರುವುದಿಲ್ಲವಾದ್ದರಿಂದ, ಉದ್ದೇಶವನ್ನೇ ಅಳತೆಯಾಗಿ ಹಿಡಿದರೆ ಅಲ್ಲಿ ನಡೆಯುವ ಯಾವ ಅವಘಡಕ್ಕೂ ನೈತಿಕ ಅರ್ಥವೇ ಉಳಿಯದು. ಫಲವನ್ನೇ ಹಿಡಿದರೆ, ನೂರು ಸಲ ಅಜಾಗರೂಕತೆಯಿಂದ ಆಮ್ಲ ಸುರಿದೂ ಅದೃಷ್ಟದಿಂದ ಉಳಿದವಳು ನಿರ್ದೋಷಿಯಾಗುತ್ತಾಳೆ. ಕುಂದಕುಂದರ ಮಾತು ಈ ಎರಡೂ ತೊಡಕುಗಳನ್ನು ಬಿಡಿಸುತ್ತದೆ: ಪ್ರನಾಳದ ಬಾಯಿಯನ್ನು ಗೆಳತಿಯ ಮುಖದ ಕಡೆ ತಿರುಗಿಸಿ ಕಾಯಿಸಿದ ಕ್ಷಣದಲ್ಲೇ, ದ್ರವ ಚಿಮ್ಮಲಿ ಬಿಡಲಿ, ಹಿಂಸೆ ನಡೆದುಹೋಗಿದೆ.

ಹಾಗಾದರೆ ಏನನ್ನೂ ಮುಟ್ಟದಿರುವುದೇ ಅಹಿಂಸೆಯೇ? ಬಾಟಲಿಗಳನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಪ್ರಯೋಗವನ್ನು ಕಪ್ಪುಹಲಗೆಯ ಮೇಲಷ್ಟೇ ಮಾಡಿಸುವ ಶಾಲೆಗಳು ಹಾಗೆಂದು ನಂಬಿರುತ್ತವೆ. ಜೈನಶಾಸ್ತ್ರವು ಇಲ್ಲಿಯೂ ಸೂಕ್ಷ್ಮವಾದ ಭೇದವನ್ನು ಮಾಡಿದೆ. ಮನಸ್ಸು, ಮಾತು, ಮೈಗಳನ್ನು ಕ್ರಿಯೆಯಿಂದಲೇ ಹಿಂದೆಗೆಯುವುದು ಗುಪ್ತಿ. ಕ್ರಿಯೆ ಅನಿವಾರ್ಯವಾದಾಗ ಅದನ್ನು ಎಚ್ಚರದಿಂದ ನಡೆಸುವುದು ಸಮಿತಿ. ನಡೆಯುವುದು, ನುಡಿಯುವುದು, ಆಹಾರ ಸ್ವೀಕರಿಸುವುದು, ವಸ್ತುಗಳನ್ನು ಎತ್ತುವುದು ಇಡುವುದು, ತ್ಯಾಜ್ಯವನ್ನು ಬಿಡುವುದು ಎಂದು ಸಮಿತಿಗಳು ಐದು. ಇವು ಮುನಿಗಳಿಗೆ ವಿಧಿಸಿದವೇ ಹೊರತು ವಿದ್ಯಾರ್ಥಿಗಳಿಗಲ್ಲ, ಮತ್ತು ಇವುಗಳ ಗುರಿ ಮೋಕ್ಷವೇ ಹೊರತು ಅಂಕಗಳಲ್ಲ. ಆ ಅಂತರವನ್ನು ಅಳಿಸುವುದು ಎರಡಕ್ಕೂ ಅನ್ಯಾಯ. ಆದರೂ ಕಲಿಯುವುದು ಅನಿವಾರ್ಯವಾದ ಕ್ರಿಯೆಯಾಗಿರುವುದರಿಂದ ಅದಕ್ಕೆ ಬೇಕಾದದ್ದು ಸಮಿತಿ. ಬೀಗವು ಗುಪ್ತಿಯ ಸೋಗು ಮಾತ್ರ.

ಐದರಲ್ಲಿ ನಾಲ್ಕನೆಯದಾದ ಆದಾನ-ನಿಕ್ಷೇಪ ಸಮಿತಿ, ಅಂದರೆ ನೋಡಿ ಎತ್ತುವುದು ಮತ್ತು ನೋಡಿ ಇಡುವುದು, ಪ್ರಯೋಗಶಾಲೆಯ ಇಡೀ ಕೌಶಲವನ್ನು ತನ್ನೊಳಗೆ ಅಡಗಿಸಿಕೊಂಡಂತಿದೆ. ಬಾಟಲಿಯನ್ನು ಎತ್ತುವ ಮೊದಲು ಅದರ ಮೇಲಿನ ಚೀಟಿಯನ್ನು ಓದುವುದು, ಸುರಿಯುವಾಗ ಚೀಟಿ ಅಂಗೈಯ ಕಡೆಗಿರುವಂತೆ ಹಿಡಿದು ಹನಿ ಇಳಿದು ಅಕ್ಷರ ಅಳಿಯದಂತೆ ನೋಡಿಕೊಳ್ಳುವುದು, ಮುಚ್ಚಳದ ಒಳಬದಿ ಮೇಜಿಗೆ ತಾಗದಂತೆ ಇಡುವುದು, ಉಳಿದ ದ್ರವವನ್ನು ಬಾಟಲಿಗೆ ಮರಳಿ ಸುರಿಯದಿರುವುದು, ಇವೆಲ್ಲ ಮುಂದೆ ಅದೇ ಬಾಟಲಿಯನ್ನು ಎತ್ತಲಿರುವ ಅಪರಿಚಿತ ಕೈಯ ಬಗೆಗಿನ ಕಾಳಜಿ. ಸಾರೀಕೃತ ಸಲ್ಫ್ಯೂರಿಕ್ ಆಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಕಲಕುತ್ತ ಸೇರಿಸಬೇಕು, ಆಮ್ಲಕ್ಕೆ ನೀರನ್ನು ಎಂದೂ ಸುರಿಯಬಾರದು ಎಂಬ ನಿಯಮದ ಹಿಂದೆ ವಸ್ತುವಿನ ಸ್ವಭಾವವೇ ಇದೆ: ಈ ಆಮ್ಲದ ಸಾಂದ್ರತೆ ನೀರಿನದರ ಸುಮಾರು 1.84 ಪಟ್ಟು ಇರುವುದರಿಂದ ಮೇಲಿಂದ ಬಿದ್ದ ನೀರು ತೇಲುತ್ತ ನಿಂತು, ಎರಡೂ ಕೂಡುವಲ್ಲಿ ಹುಟ್ಟುವ ಅಪಾರ ಶಾಖಕ್ಕೆ ಅಲ್ಲಿಯೇ ಕುದಿದು, ಆಮ್ಲವನ್ನು ಹೊತ್ತುಕೊಂಡು ಮೇಲಕ್ಕೆ ಸಿಡಿಯುತ್ತದೆ. ಆಮ್ಲವನ್ನು ನೀರಿಗೆ ಬಿಟ್ಟರೆ ಅದು ತಳಕ್ಕಿಳಿಯುತ್ತ ಬೆರೆತು, ಶಾಖವು ನೀರಿನ ರಾಶಿಯಲ್ಲಿ ಹರಡಿಹೋಗುತ್ತದೆ. ನಿಯಮವನ್ನು ಬಾಯಿಪಾಠ ಮಾಡಿದವಳು ಪರೀಕ್ಷೆಯವರೆಗೆ ಎಚ್ಚರವಾಗಿರುತ್ತಾಳೆ, ಕಾರಣವನ್ನು ಕಂಡವಳಿಗೆ ಆ ಎಚ್ಚರ ಕೈಯಲ್ಲೇ ನೆಲೆಸುತ್ತದೆ.

ಪ್ರನಾಳವನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬದೆ, ಓರೆಯಾಗಿ ಹಿಡಿದು, ಜ್ವಾಲೆಯಲ್ಲಿ ಆಡಿಸುತ್ತ ಕಾಯಿಸುವುದಕ್ಕೂ, ಸ್ಪಿರಿಟ್ ದೀಪವನ್ನು ಊದದೆ ಮುಚ್ಚಳದಿಂದ ಆರಿಸುವುದಕ್ಕೂ, ಪಿಪೆಟ್ಟನ್ನು ಬಾಯಿಂದ ಹೀರದೆ ರಬ್ಬರ್ ಬಲ್ಬಿನಿಂದ ತುಂಬುವುದಕ್ಕೂ ಇದೇ ಮಾತು ಸಲ್ಲುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥರು ಬಿಡಬೇಕಾದ ನಿಷ್ಪ್ರಯೋಜಕ ಕೃತ್ಯಗಳಲ್ಲಿ ‘ಪ್ರಮಾದಚರ್ಯೆ’ಯನ್ನು ಎಣಿಸುವಾಗ, ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಮೊದಲಾದವನ್ನು ಹೆಸರಿಸುತ್ತದೆ, ಏನಾಗುವುದೋ ನೋಡೋಣವೆಂದು ಕೈಗೆ ಸಿಕ್ಕ ಎರಡು ಬಾಟಲಿಗಳನ್ನು ಬೆರೆಸುವ ಹುಡುಗಾಟಕ್ಕೆ ಇದಕ್ಕಿಂತ ತಕ್ಕ ಹೆಸರು ಸಿಗಲಾರದು. ಕುತೂಹಲ ದೋಷವಲ್ಲ, ಶಿಕ್ಷಕರನ್ನು ಕೇಳದೆ, ಕಣ್ಣಿಗೆ ರಕ್ಷಾ ಕನ್ನಡಕವಿಲ್ಲದೆ ಅದನ್ನು ತಣಿಸಿಕೊಳ್ಳುವ ಆತುರ ದೋಷ.

ಈ ಅಳತೆಗೋಲಿನ ಇನ್ನೊಂದು ತುದಿಯನ್ನು, ಎಂದರೆ ಎಚ್ಚರವಿದ್ದೂ ಹಾನಿಯಾಗುವ ಸಂದರ್ಭವನ್ನು, ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ರಸಾಯನ ವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ ಅವರ ಸಾವು ತೋರಿಸುತ್ತದೆ. ವಿಷಲೋಹಗಳ ವಿಷಯದಲ್ಲಿ ಪರಿಣತರಾಗಿದ್ದ ಅವರು 1996ರ ಆಗಸ್ಟ್‌ನಲ್ಲಿ ಹೊಗೆಗೂಡಿನ (ಫ್ಯೂಮ್ ಹುಡ್) ಒಳಗೆ ಲೇಟೆಕ್ಸ್ ಕೈಗವಸು ತೊಟ್ಟೇ ಕೆಲಸ ಮಾಡುತ್ತಿದ್ದಾಗ ಡೈಮಿಥೈಲ್ ಮರ್ಕ್ಯುರಿಯ ಕೆಲವೇ ಹನಿ ಕೈಗವಸಿನ ಮೇಲೆ ಬಿದ್ದವು. ಆ ದ್ರವ ಕೈಗವಸನ್ನು ಕ್ಷಣಗಳಲ್ಲಿ ದಾಟಿ ಚರ್ಮವನ್ನು ಸೇರುತ್ತದೆಂಬುದು ಆಗ ಪರಿಣತರಿಗೂ ತಿಳಿದಿರಲಿಲ್ಲ, 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ನೋಡಿ ಇಟ್ಟ ಹೆಜ್ಜೆಯ ಕೆಳಗೂ ಸಣ್ಣ ಜೀವಿ ಬಂದು ಸಾಯಬಹುದು, ಅದರಿಂದ ಮುನಿಗೆ ಬಂಧವಿಲ್ಲ ಎಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವಾದಿಸುವುದು ಇಂಥ ಸಂದರ್ಭವನ್ನು ಕುರಿತೇ. ಆದರೆ ವೆಟರ್‌ಹಾನ್ ಅವರ ಸಾವಿನ ನಂತರ ಅದೇ ವಸ್ತುವನ್ನು ಅದೇ ಬಗೆಯ ಕೈಗವಸಿನಲ್ಲಿ ಮುಟ್ಟುವವರಿಗೆ ಆ ಬಿಡುಗಡೆ ಸಲ್ಲದು, ಏಕೆಂದರೆ ಇನ್ನೊಬ್ಬರು ತೆತ್ತ ಬೆಲೆಯಿಂದ ದೊರೆತ ತಿಳಿವನ್ನು ಅಲಕ್ಷಿಸುವುದು ಹೊಸ ಪ್ರಮಾದವಾಗುತ್ತದೆ.

ಕೊನೆಯ ಸಮಿತಿಯಾದ ಉತ್ಸರ್ಗವು, ಅಂದರೆ ಜೀವಿಗಳಿಗೆ ಬಾಧೆಯಾಗದ ಸ್ಥಳವನ್ನು ನೋಡಿ ತ್ಯಾಜ್ಯವನ್ನು ಬಿಡುವುದು, ಶಾಲೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಪಾಲನೆಯಾಗುವಂಥದು. ಸೀಸದ ನೈಟ್ರೇಟ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡ್ ಸೇರಿಸಿದಾಗ ಇಳಿಯುವ ಅರಿಸಿನ ಬಣ್ಣದ ಪ್ರಕ್ಷೇಪ, ಅಂದರೆ ನೀರಿನಲ್ಲಿ ಕರಗದೆ ತಳಕ್ಕೆ ಕೂಡುವ ಪುಡಿ, ಮಕ್ಕಳ ಕಣ್ಣು ಅರಳಿಸುತ್ತದೆ. ತರಗತಿ ಮುಗಿದ ಮೇಲೆ ಅದು ಬಚ್ಚಲ ಕೊಳವೆಯ ದಾರಿ ಹಿಡಿದರೆ ಅದರೊಳಗಿನ ಸೀಸವು ಎಂದೂ ಕೊಳೆತು ಇಲ್ಲವಾಗದೆ, ಶಾಲೆಯ ಹಿಂದಿನ ಹೊಲದ ಕಪ್ಪು ಎರೆಮಣ್ಣಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಆ ಹೊಲದಲ್ಲಿ ತೊಗರಿ ಬಿತ್ತುವವರು ಆ ಮಕ್ಕಳ ಮನೆಯವರೇ. ಪ್ರಕ್ಷೇಪವನ್ನು ಸೋಸು ಕಾಗದದಲ್ಲಿ ಹಿಡಿದು, ಸೋಸಿ ಬಂದ ನೀರಿನಲ್ಲಿಯೂ ಸೀಸ ಉಳಿದಿರುವುದರಿಂದ ಅದನ್ನೂ ಸೇರಿಸಿ, ಮುಚ್ಚಳ ಬಿಗಿಯಾದ ಒಂದೇ ಪಾತ್ರೆಯಲ್ಲಿ ತುಂಬಿ, ‘ಸೀಸದ ತ್ಯಾಜ್ಯ’ ಎಂದೂ ದಿನಾಂಕವನ್ನೂ ಮೇಲೆ ಬರೆದು, ಅಪಾಯಕಾರಿ ತ್ಯಾಜ್ಯವನ್ನು ಒಯ್ಯುವ ಅಧಿಕಾರವುಳ್ಳವರು ಬರುವವರೆಗೆ ಎತ್ತಿಡಲು ತರಗತಿಯ ಕೊನೆಯ ಹತ್ತು ನಿಮಿಷ ಸಾಕಾಗುತ್ತದೆ.